ಕೆಮ್ಮಣ್ಣಿನ ನಡುವೆ ಉಳಿದ ಚೌಕ

ಬಸವಣ್ಯಪ್ಪನನ್ನು ಕಳ್ಳನೆಂದು ಬರೆದು ಕೆಲಸದಿಂದ ತೆಗೆದವರು ನೀವು. ಅವನು ಕಳ್ಳನಲ್ಲವೆಂದು ತಿಳಿದ ಮೇಲೂ ಆ ಬರಹವನ್ನು ಅಳಿಸದೆ ಉಳಿಸಿಕೊಂಡವರೂ ನೀವೇ. ಇದು ನನ್ನ ಆರೋಪ. ಮಲೇರಿಯಾ ಜ್ವರವನ್ನು ಓಡಿಸಲು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಮನೆಮನೆಗೂ ಡಿ.ಡಿ.ಟಿ. ಹೊಡೆಸಿದ ನಮ್ಮ ಘಟಕದ ಮೇಲಧಿಕಾರಿಗಳನ್ನು ಉದ್ದೇಶಿಸಿ ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಹೆಸರು ಹೇಳಿದರೆ ಒಬ್ಬರಿಗೆ ವರ್ಗವಾಗುತ್ತದೆ, ಮತ್ತೊಬ್ಬರು ಬಂದು ಅದೇ ಕುರ್ಚಿಯಲ್ಲಿ ಕೂತು ಅದೇ ಕೆಲಸವನ್ನು ಅದೇ ರೀತಿಯಲ್ಲಿ ಮುಂದುವರಿಸುತ್ತಾರೆ. ನನಗೆ ಬೇಕಾಗಿರುವುದು ವರ್ಗಾವಣೆಯಲ್ಲ, ಉತ್ತರ.

ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ತರುಣರೂ ಇದನ್ನು ಓದಲಿ ಎಂಬುದು ನನ್ನ ಆಸೆ. ನಿಮಗೆ ಬುದ್ಧಿ ಹೇಳುವಷ್ಟು ವಯಸ್ಸು ನನಗಾಗಿಲ್ಲ. ಮೂವತ್ತು ತುಂಬುವ ಮೊದಲೇ ನಾನು ನಿವೃತ್ತನಾದೆ. ಆನವಟ್ಟಿಯ ರಸ್ತೆಯಲ್ಲಿ ಘಟಕದ ಜೀಪು ಮಗುಚಿ ಎಡಗಾಲು ಮುರಿಯಿತು, ಮುರಿದ ಮೂಳೆ ನೆಟ್ಟಗೆ ಕೂಡಲಿಲ್ಲ. ಹಳ್ಳಿ ತಿರುಗಲಾರದ ಇನ್ಸ್‌ಪೆಕ್ಟರು ಬೇಡವೆಂದು ಇಲಾಖೆ ನನ್ನನ್ನು ಮನೆಗೆ ಕಳಿಸಿತು. ಅದರ ಬಗ್ಗೆ ನನಗೆ ದೂರಿಲ್ಲ. ಕಾಲು ಕುಂಟಾದದ್ದು ರಸ್ತೆಯಿಂದ. ನಾನಿಲ್ಲಿ ಬರೆಯುತ್ತಿರುವುದು ಕಣ್ಣಿದ್ದೂ ಕಾಣದಿದ್ದವರ ಸಂಗತಿ, ಮತ್ತು ಆ ಗುಂಪಿನಲ್ಲಿ ಬಹುಕಾಲ ನಾನೂ ಇದ್ದೆ.

ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಂದವನಿಗೆ ಸೊಳ್ಳೆಯ ಕಾಲಿನ ರೋಮಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಹುಮ್ಮಸ್ಸಿತ್ತು. ಕೆಲಸ ಬೇರೆಯೇ ಇತ್ತು. ಟಾರ್ಚು ಹಿಡಿದು ಕೊಟ್ಟಿಗೆಗೆ ನುಗ್ಗಿ, ಗೋಡೆಯ ಮೇಲೆ ಕೂತ ಸೊಳ್ಳೆಯನ್ನು ಗಾಜಿನ ಕೊಳವೆಯಲ್ಲಿ ಬಾಯಿಂದ ಎಳೆದು ಹಿಡಿಯಬೇಕು. ಮಕ್ಕಳನ್ನು ಮಲಗಿಸಿ ಹೊಟ್ಟೆಯ ಎಡಭಾಗ ಒತ್ತಿ, ಒಳಗೆ ಜ್ವರಕ್ಕೆ ಊದಿದ ಗಡ್ಡೆ ಸಿಗುತ್ತದೆಯೇ ಎಂದು ನೋಡಬೇಕು. ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ಸವರಬೇಕು. ಬಸ್ಸಿನಲ್ಲಿ ಜಡೆ ಊರಿನಿಂದ ಸೊರಬಕ್ಕೆ ಬರುವಾಗ ನನ್ನ ಚೀಲದ ಕೊಳವೆಗಳನ್ನು ಕಂಡು ಜನ ಸೀಟು ಬಿಟ್ಟು ಎದ್ದದ್ದುಂಟು. ಶಿರಾಳಕೊಪ್ಪದ ಸಂತೆಯಲ್ಲಿ ನನಗೆ 'ಸೊಳ್ಳೆ ಸಾಹೇಬ' ಎಂಬುದೇ ಹೆಸರಾಯಿತು.

ಆ ಹೆಸರಿಟ್ಟವರು ದಿನಸಿ ವ್ಯಾಪಾರಿ ವೀರಭದ್ರಪ್ಪನವರು. ನಾಲಿಗೆ ಹರಿತವಾದರೂ ಮನಸ್ಸು ಒಳ್ಳೆಯದು. ಮೊದಲ ವರ್ಷ ಅವರ ಅಂಗಡಿಯ ಮುಂದೆ ಹಾದುಹೋಗುತ್ತಿದ್ದವನನ್ನು ಕೂಗಿ ಕರೆದರು.

"ಬರ್ರೀ ಸೊಳ್ಳೆ ಸಾಹೇಬ್ರ, ಕುಂದರ್ರಿ. ನಿಮ್ಮ ಪುಡಿ ಹೊಡೆದ ಮ್ಯಾಲೆ ಸೊಳ್ಳೆ ಹೋದ್ವು. ತಿಗಣೆನೂ ಹೋದ್ವು, ಭಾಳ ಚಲೋ ಆತು. ಆದ್ರ ನಮ್ಮ ಬೆಕ್ಕೂ ಹೋತಲ್ರೀ?"

"ಬೆಕ್ಕು ಹೇಗೆ ಹೋಯಿತು?"

"ಹೆಂಗ್ ಹೋತು ಅಂತ ನಾ ಹೇಳ್ಬೇಕೇನ್ರಿ, ಓದಿದೋರು ನೀವು. ಗೋಡೆ ಮೇಲಿನ ಹಲ್ಲಿ ತಿಂತು, ನಡುಗ್ತು, ಸತ್ತು ಹೋತು. ಈಗ ಇಲಿ ಬಂದು ಮೆಣಸಿನಕಾಯಿ ಚೀಲ ಒಂದು ಬಿಟ್ಟು ಉಳಿದದ್ದೆಲ್ಲ ಮುಕ್ಕತಾವು. ಇಲಿಗೊಂದು ಇಲಾಖೆ ತೆಗೀರಿ ಅತ್ಲಾಗೆ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಅದೇ ವಾರ ಹಲವು ಮನೆಗಳಲ್ಲಿ ವಿಚಾರಿಸಿ, ಬೆಕ್ಕುಗಳು ಸಾಯುತ್ತಿರುವ ಸಂಗತಿಯನ್ನು ವರದಿಯ ಕೊನೆಯಲ್ಲಿ ಸೇರಿಸಿದೆ. ಮೇಲಧಿಕಾರಿಗಳು ಕನ್ನಡಕ ಒರೆಸಿಕೊಂಡು ಓದಿ, ಆ ಸಾಲುಗಳ ಮೇಲೆ ಗೀಟು ಎಳೆದರು.

"ನಮ್ಮ ವರದಿಯಲ್ಲಿ ಬೆಕ್ಕಿಗೆ ಕಾಲಂ ಇಲ್ಲ. ಕಾಲಂ ಇಲ್ಲದ್ದನ್ನೆಲ್ಲ ನೋಡುತ್ತ ಹೋದರೆ ಕಣ್ಣಿಗೇ ತೊಂದರೆ, ಮಿಸ್ಟರ್."

ಅವರು ಕೆಟ್ಟ ಮನುಷ್ಯರಲ್ಲ. ಲಂಚ ಮುಟ್ಟಿದವರಲ್ಲ. ಬಿಸಿಲಲ್ಲಿ ನಿಂತ ಕೆಲಸಗಾರನಿಗೆ ತಮ್ಮ ಫ್ಲಾಸ್ಕಿನ ಚಹಾ ಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಮುದ್ರಿತ ಹಾಳೆಯಲ್ಲಿ ಕೇಳದ ಪ್ರಶ್ನೆಗೆ ಲೋಕದಲ್ಲಿ ಉತ್ತರವಿರುವುದಿಲ್ಲ ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿತ್ತು, ಅಷ್ಟೆ. ಅಂಥ ಸಜ್ಜನರಿಂದಲೇ ನಮ್ಮ ಕಚೇರಿಗಳು ತುಂಬಿವೆ. ಬೈದು ಸಿಟ್ಟು ತೀರಿಸಿಕೊಳ್ಳುವುದಕ್ಕೂ ಅವರು ಅವಕಾಶ ಕೊಡುವುದಿಲ್ಲ.

ಈಗ ಬಸವಣ್ಯಪ್ಪನ ವಿಚಾರಕ್ಕೆ ಬರುತ್ತೇನೆ.

ಶಿರಾಳಕೊಪ್ಪದ ಹತ್ತಿರದವನು. ಅಣ್ಣತಮ್ಮಂದಿರಲ್ಲಿ ಹೊಲ ಹಂಚಿಹೋಗಿ ತುಂಡು ಭೂಮಿ ಮಾತ್ರ ಉಳಿದಿದ್ದರಿಂದ ನಮ್ಮಲ್ಲಿ ಪಂಪಿನ ಕೆಲಸಕ್ಕೆ ಸೇರಿದ್ದ. ಒಬ್ಬ ಬಕೆಟ್ಟಿನಲ್ಲಿಟ್ಟ ಪಂಪನ್ನು ಒತ್ತುತ್ತಾನೆ, ಇನ್ನೊಬ್ಬ ಉದ್ದನೆಯ ಕೊಳವೆ ಹಿಡಿದು ಗೋಡೆಗೆ ಹೊಡೆಯುತ್ತಾನೆ. ಕೊಳವೆ ಹಿಡಿಯುವವನು ಬಸವಣ್ಯಪ್ಪ. ಮೀಸೆ ದಪ್ಪ, ಮಾತು ಜೋರು, ಜಂಬಕ್ಕೆ ಕೊನೆಯಿಲ್ಲ. "ನಾನು ಹೊಡೆದ ಗೋಡೆ ಮ್ಯಾಲೆ ಸೊಳ್ಳೆ ಕುಂತ್ರೆ ನನ್ನ ಮೀಸೆ ಬೋಳಿಸ್ತೀನಿ ಸಾರ್" ಎನ್ನುತ್ತಿದ್ದ. ಹೆಂಗಸರೊಡನೆ ತಮಾಷೆ ಮಾಡಿ, ಮಜ್ಜಿಗೆ ಕೇಳಿ ಕುಡಿದು, ಮಕ್ಕಳನ್ನು ಹೆದರಿಸಿ, ಮುದುಕರಿಗೆ ಬೀಡಿ ಕೊಟ್ಟು, ಒಂದು ಹಳ್ಳಿಯನ್ನು ಮುಗಿಸುವಷ್ಟರಲ್ಲಿ ಆ ಹಳ್ಳಿಯವನೇ ಆಗಿಬಿಡುತ್ತಿದ್ದ.

ಕೆಲಸದ ಕ್ರಮ ಹೀಗಿತ್ತು. ಮನುಷ್ಯನನ್ನು ಕಚ್ಚಿದ ಸೊಳ್ಳೆ ಹೊಟ್ಟೆ ಭಾರವಾಗಿ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ. ಗೋಡೆಯಲ್ಲಿ ಔಷಧಿಯಿದ್ದರೆ ಕಾಲಿಗೆ ತಗುಲಿ ಸಾಯುತ್ತದೆ. ಆದ್ದರಿಂದ ನಾವು ಹೋಗುವ ಮುನ್ನಾದಿನ ಡಂಗುರ ಹೊಡೆಸಿ, ಪಾತ್ರೆ, ಹಾಸಿಗೆ, ದವಸ ಎಲ್ಲವನ್ನೂ ಅಂಗಳಕ್ಕೆ ತೆಗೆದಿಡಲು ಹೇಳುತ್ತಿದ್ದೆವು. ಬಸವಣ್ಯಪ್ಪ ಗೋಡೆಗಳಿಗೆ ಹೊಡೆದು ಮುಗಿಸಿದ ಮೇಲೆ ಬಾಗಿಲ ಪಕ್ಕ ತಗಡಿನ ಅಚ್ಚಿಟ್ಟು, ಕಪ್ಪು ಬಣ್ಣದಲ್ಲಿ ಘಟಕದ ಗುರುತನ್ನೂ ತಾರೀಖನ್ನೂ ಮೂಡಿಸುತ್ತಿದ್ದ. ನೀರು ಆರಿದ ಗೋಡೆಯ ಮೇಲೆ ತೆಳುವಾದ ಬಿಳಿ ಪುಡಿ ಉಳಿಯುತ್ತಿತ್ತು. ಆ ಬಿಳುಪೇ ನಮ್ಮ ಇಡೀ ಕೆಲಸ. ಅದು ತಿಂಗಳುಗಟ್ಟಲೆ ಗೋಡೆಯ ಮೇಲಿದ್ದರೆ ಮಾತ್ರ ಜ್ವರ ಇಳಿಯುತ್ತಿತ್ತು.

ಅದು ಉಳಿದಿದೆಯೇ ಎಂದು ತಿಳಿಯಲು ನಮಗೊಂದು ಪ್ರಶ್ನೆ ಕೊಟ್ಟಿದ್ದರು. "ಔಷಧಿ ಹೊಡೆದ ನಂತರ ಗೋಡೆಗೆ ಸುಣ್ಣ ಬಳಿದಿದ್ದೀರಾ?" ನಾನು ಪ್ರತಿ ಮನೆಯ ಜಗಲಿಯಲ್ಲಿ ಕೂತು ಕೇಳುತ್ತಿದ್ದೆ. ಪ್ರತಿ ಮನೆಯವರೂ "ಇಲ್ಲ" ಎನ್ನುತ್ತಿದ್ದರು. ಅದು ನಿಜವೇ ಆಗಿತ್ತು. ಸುಳ್ಳು ಹೇಳಿದವರು ಒಬ್ಬರೂ ಇರಲಿಲ್ಲ.

ಕುಬಟೂರಿನ ಕಡೆಯ ಒಂದು ಹಳ್ಳಿಯನ್ನು ಇಲ್ಲಿ ನೆನೆಯಬೇಕು. ಹಳ್ಳಿಯ ಹೆಸರು ಹೇಳುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ. ನಾವು ಕಂಡ ಊರುಗಳಲ್ಲೆಲ್ಲ ಶಿಸ್ತಿನ ಊರು ಅದು. ಬೇರೆ ಕಡೆ ಜನ ಬಾಗಿಲು ಹಾಕಿಕೊಂಡು ಗದ್ದೆಗೆ ಹೋಗಿಬಿಡುತ್ತಿದ್ದರು. ಇಲ್ಲಿ ನಾವು ಬರುವುದರೊಳಗೆ ಪ್ರತಿ ಮನೆಯ ಸಾಮಾನೂ ಅಂಗಳದಲ್ಲಿ ಸಾಲಾಗಿರುತ್ತಿತ್ತು. ಔಷಧಿ ಹೊಡೆದು ಕೆಲವು ದಿನಗಳ ಮೇಲೆ ಮೇಲಧಿಕಾರಿಗಳು ತಪಾಸಣೆಗೆ ಜೀಪಿನಲ್ಲಿ ಬಂದು, ಕೆಲವು ಮನೆಗಳ ಜಗಲಿ ಹತ್ತಿ, ಬಾಗಿಲ ಪಕ್ಕದ ಕಪ್ಪು ಗುರುತನ್ನು ನೋಡಿ, "ಸಹಕಾರ ಎಂದರೆ ಇದು" ಎಂದು ನಮ್ಮ ಮುಂದೆ ಹೊಗಳಿದರು. ಆ ಮನೆಗಳು ಅಂದು ಎಷ್ಟು ಚೆನ್ನಾಗಿ ಕಾಣುತ್ತಿದ್ದವು! ಹೊಸ ಕೆಂಪು ಗೋಡೆ, ಅಂಚಿನಲ್ಲಿ ಜೇಡಿಮಣ್ಣಿನ ಬಿಳಿ ಗೆರೆ. ದೀಪಾವಳಿಯನ್ನು ಅಲ್ಲಿ ದೊಡ್ಡಹಬ್ಬ ಎನ್ನುತ್ತಾರೆ. ಹಬ್ಬ ಕಳೆದು ಕೆಲವೇ ದಿನಗಳಾಗಿದ್ದವು. ಎಲ್ಲರೂ ನೋಡಿದೆವು. ಚಂದ ಎಂದುಕೊಂಡೆವು. ಜೀಪು ಹತ್ತಿದೆವು.

ಚಳಿ ಇಳಿಯುವ ಮುನ್ನ ಆ ಊರಿನಲ್ಲಿ ಜ್ವರ ಎದ್ದಿತು.

ಒಂದು ಮನೆಯಲ್ಲಲ್ಲ, ಸಾಲಾಗಿ ಎದ್ದಿತು. ಗುತ್ಯಮ್ಮ ಎಂಬವರ ಮನೆಯಲ್ಲಿ (ಈ ಹೆಸರನ್ನು ಬದಲಿಸಿದ್ದೇನೆ) ಸೊಸೆ ಚೊಚ್ಚಲ ಬಸುರಿ. ನಡುಗಿ ನಡುಗಿ ಹಾಸಿಗೆ ಹಿಡಿದಳು. ಸೊರಬದ ಆಸ್ಪತ್ರೆಗೆ ಗಾಡಿಯಲ್ಲಿ ಕರೆದೊಯ್ದರು. ಅವಳು ಉಳಿದಳು. ಮಗು ಉಳಿಯಲಿಲ್ಲ.

ಕಚೇರಿಯಲ್ಲಿ ತರ್ಕ ಬಹಳ ಸರಳವಾಗಿ ಸಾಗಿತು. ಗುರುತು ಇದೆ, ಅಂದರೆ ತಂಡ ಹೋಗಿದೆ. ಸುಣ್ಣ ಬಳಿದಿಲ್ಲ, ಅಂದರೆ ಔಷಧಿ ಮುಚ್ಚಿಹೋಗಿಲ್ಲ. ಆದರೂ ಜ್ವರ ಬಂದಿದೆ, ಅಂದರೆ ಹೊಡೆದದ್ದು ಔಷಧಿಯಲ್ಲ, ನೀರು. ಹಾಗಾದರೆ ಪುಡಿ ಎಲ್ಲಿ ಹೋಯಿತು? ಕೊಳವೆ ಹಿಡಿದವನು ಮಾರಿಕೊಂಡಿದ್ದಾನೆ. ಪ್ರತಿ ಮೆಟ್ಟಿಲೂ ಗಟ್ಟಿಯಾಗಿ ಕಾಣುತ್ತಿತ್ತು. ಅದರಲ್ಲೊಂದು ಮೆಟ್ಟಿಲು ನನ್ನ ಕೈಬರಹದ 'ಇಲ್ಲ'ಗಳಿಂದಲೇ ಕಟ್ಟಿದ್ದು.

ವಿಚಾರಣೆಯ ದಿನ ಬಸವಣ್ಯಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಹೊಗಳುವುದಕ್ಕೆ ಕರೆದಿದ್ದಾರೆಂದು ಅವನ ಭಾವನೆ.

"ಪುಡಿ ಎಷ್ಟು ಹಾಕುತ್ತಿದ್ದೆ?" ಎಂದರು ಮೇಲಧಿಕಾರಿಗಳು.

"ನೀವು ಹೇಳಿದಷ್ಟು ಸಾರ್. ಒಂದು ಚಿಟಿಕೆ ಹೆಚ್ಚೇ ಇರ್ಬೇಕು, ಕಮ್ಮಿ ಇಲ್ಲ."

"ಮತ್ತೆ ಜ್ವರ ಹೇಗೆ ಬಂತು?"

"ಅದನ್ನ ಸೊಳ್ಳೆ ಕೇಳ್ಬೇಕ್ರಿ ಸಾರ್."

ಯಾರೋ ಕಿಸಕ್ಕೆಂದರು. ಆ ನಗು ಅವನಿಗೆ ಮುಳುವಾಯಿತು.

"ತಮಾಷೆ ಬೇಡ. ಉಳಿಸಿದ ಪುಡಿಯನ್ನು ಯಾರಿಗೆ ಮಾರಿದೆ?"

ಅವನ ಮುಖ ಮೊದಲು ಬೆಪ್ಪಾಯಿತು, ಆಮೇಲೆ ಕಪ್ಪಿಟ್ಟಿತು. "ನಾನು ಹೊಡ್ದೀನಿ ಸಾರ್" ಎಂದ. ಆಮೇಲೆ ಏನು ಕೇಳಿದರೂ ಅದೊಂದೇ ಮಾತು. "ನಾನು ಹೊಡ್ದೀನಿ ಸಾರ್." ನನ್ನ ಕಡೆ ತಿರುಗಿ, "ನೀವಾದ್ರೂ ಹೇಳ್ರಿ, ನೀವು ಬಂದು ನೋಡೀರಲ್ಲ" ಎಂದ. ನಾನು ಕಂಡಷ್ಟನ್ನು ಹೇಳಿದೆ. ಆದರೆ ನಾನು ಕಂಡದ್ದು ಹೊಡೆಯುವುದನ್ನು. ಬಕೆಟ್ಟಿನಲ್ಲಿ ಎಷ್ಟು ಪುಡಿ ಕರಗಿತ್ತೆಂದು ಯಾರು ಸಾಕ್ಷಿ ಹೇಳಬಲ್ಲರು? ವಾರದೊಳಗೆ ಆದೇಶ ಹೊರಬಿತ್ತು. ಸರ್ಕಾರಿ ಔಷಧಿಯನ್ನು ದುರುಪಯೋಗ ಮಾಡಿಕೊಂಡವನೆಂಬ ಸಾಲು ಅದರಲ್ಲಿತ್ತು.

ಚಳಿಗಾಲ ಕಳೆದ ಮೇಲೆ ರಕ್ತದ ಹನಿ ತೆಗೆಯಲು ನಾನು ಮತ್ತೆ ಆ ಹಳ್ಳಿಗೆ ಹೋದೆ. ಗುತ್ಯಮ್ಮನವರ ಜಗಲಿಯಲ್ಲಿ ಚಾಪೆ ಹಾಸಿದರು.

"ಕುಂತ್ಕಳಿ ಸಾಹೇಬ್ರೇ. ಮತ್ತೆ ಬೆರಳು ಚುಚ್ಚೋಕೆ ಬಂದ್ರಾ? ನಮ್ಮ ಸೊಸೆ ಮೈಯಾಗೆ ಇನ್ನು ರಕ್ತ ಎಲ್ಲೈತೆ ನಿಮಗೆ ಕೊಡಕ್ಕೆ?"

ನಾನು ಸೂಜಿಯನ್ನೂ ಗಾಜಿನ ಪಟ್ಟಿಗಳನ್ನೂ ಚಾಪೆಯ ಮೇಲಿಟ್ಟೆ. ಅವರೇ ಮುಂದುವರಿಸಿದರು.

"ಆ ಬಸವಣ್ಯಪ್ಪ! ಮಾತು ಕೇಳಿದ್ರೆ ಬೆಲ್ಲ. ನಮ್ಮನೇ ಮಜ್ಜಿಗೆ ಕುಡ್ದು, ಗೋಡೆಗೆ ಬರೀ ನೀರು ಹೊಡೆದು ಹೋದ. ನಮ್ಮ ಮನೆಗೇ ಕಲ್ಲು ಹಾಕ್ದ. ಅವನ ಕೈ ಸೇದಿ ಹೋಗ್ಲಿ."

ಅವರ ಮುಖ ನೋಡಲಾಗದೆ ನಾನು ಗೋಡೆಯ ಕಡೆ ತಿರುಗಿದೆ. ಬಾಗಿಲ ಪಕ್ಕದಲ್ಲಿ ನಮ್ಮ ಕಪ್ಪು ಗುರುತಿತ್ತು. ಅದನ್ನು ಎಷ್ಟೋ ಸಲ ನೋಡಿದ್ದೆ, ತಾರೀಖನ್ನು ಓದಿದ್ದೆ. ಆ ದಿನ ಅಕ್ಷರಗಳನ್ನು ಬಿಟ್ಟು ಅವುಗಳ ಸುತ್ತಲಿನ ಮಣ್ಣು ಕಣ್ಣಿಗೆ ಬಿತ್ತು. ಅಂಗೈಯಗಲದ ಒಂದು ಚೌಕ. ಒಳಗಿನ ಮಣ್ಣು ಹಳತು, ಮಾಸಲು, ಅದರ ಮೇಲೆ ತೆಳುವಾದ ಬಿಳಿ ಪುಡಿ. ಚೌಕದ ಹೊರಗೆ ಇಡೀ ಗೋಡೆ ಹೊಸ ಕೆಂಪು. ಬೆರಳಿನಿಂದ ಕೆಂಪು ಮಣ್ಣನ್ನು ಉಜ್ಜಿದೆ. ಬೆರಳು ಕೆಂಪಾಯಿತು. ಚೌಕದೊಳಗೆ ಉಜ್ಜಿದೆ. ಬೆಳ್ಳಗಾಯಿತು.

"ಗುತ್ಯಮ್ಮನವರೇ, ಈ ಗುರುತಿನ ಸುತ್ತ ಯಾಕೆ ಬೇರೆ ಬಣ್ಣ?"

"ಅದು ಸರ್ಕಾರದ್ದಲ್ಲವಾ? ಅಳಿಸಬಾರ್ದು ಅಂತ ನೀವೇ ಹೇಳಿದ್ರಲ್ಲ. ಅದನ್ನ ಬಿಟ್ಟು ಸುತ್ತ ಕೆಮ್ಮಣ್ಣು ಬಳ್ದೆ. ಅಷ್ಟು ಜಾಗಕ್ಕೆ ಬೆರಳಲ್ಲೇ ಬಳೀಬೇಕಾಯ್ತು ಮಾರಾಯ್ರೇ, ಸೊಂಟ ಬಿದ್ದು ಹೋಯ್ತು."

"ಯಾವಾಗ ಬಳಿದಿರಿ?"

"ಎಂತ ಕೇಳ್ತೀರಿ, ದೊಡ್ಡಹಬ್ಬಕ್ಕೆ. ನೀವು ಹೊಡೆದು ಹೋದ ಮಾರನೇ ದಿನ. ಸಾಮಾನೆಲ್ಲ ಹೊರಗೇ ಇತ್ತಲ್ಲ. ಸೊಸೆ ಬಸುರಿ, ಹಬ್ಬಕ್ಕೆ ಬೀಗರು ಬರೋರು. ಗೋಡೆ ಬೂದಿ ಬಡಿದಂಗೆ ಬೆಳ್ಳಗಿದ್ರೆ ಆಗ್ತದಾ?"

"ಒಳಗೂ ಬಳಿದಿರಾ?"

"ಒಳಗೆ ಬಿಟ್ಟು ಹೊರಗೆ ಬಳಿಯೋರು ಯಾರಾದ್ರೂ ಇದ್ದಾರಾ?"

"ಮತ್ತೆ ನಾನು ಕೇಳಿದಾಗ ಇಲ್ಲ ಎಂದಿರಲ್ಲ?"

"ನೀವು ಕೇಳಿದ್ದು ಸುಣ್ಣ. ಸುಣ್ಣ ಬಳ್ಕಳೋಕೆ ನಾವೇನು ಪೇಟೆಯೋರಾ?" ಎಂದು ಅವರು ಅಷ್ಟು ದಿನದಲ್ಲಿ ಮೊದಲ ಬಾರಿಗೆ ಸ್ವಲ್ಪ ನಕ್ಕರು.

ಒಳಗೆ ಸೊಸೆ ಅಕ್ಕಿ ಕೇರುತ್ತಿದ್ದಳು. ಅವಳ ತಲೆಯ ಮೇಲಿನ ಗೋಡೆಯಲ್ಲಿ, ಆ ಸುಂದರವಾದ ಕೆಂಪಿನ ಮೇಲೆ, ಹೊಟ್ಟೆ ತುಂಬಿದ ಸೊಳ್ಳೆ ನಿಶ್ಚಿಂತೆಯಾಗಿ ಕೂತಿತ್ತು. ನಾನು ಚೀಲ ಹಿಡಿದು ಎದ್ದೆ. ಬಂದ ನೆಂಟರು ಮೆಚ್ಚಲೆಂದು, ಬಸುರಿ ಸೊಸೆ ಚೊಕ್ಕವಾದ ಮನೆಯಲ್ಲಿರಲೆಂದು ಸೊಂಟ ಮುರಿದು ದುಡಿದ ಹೆಂಗಸಿಗೆ, ಆ ಕೆಮ್ಮಣ್ಣೇ ಔಷಧಿಯನ್ನು ಮುಚ್ಚಿತೆಂದು ಯಾವ ಮಾತಿನಲ್ಲಿ ಹೇಳುವುದು?

ಪಕ್ಕದ ಮನೆಗೆ ಹೋದೆ. ಚೌಕ. ಅದರಾಚೆಯ ಮನೆಯಲ್ಲೂ ಚೌಕ. ಬೀದಿಯುದ್ದಕ್ಕೂ ಪ್ರತಿ ಬಾಗಿಲ ಪಕ್ಕ ಅಂಗೈಯಗಲದ ಜಾಗವನ್ನು ಜೋಪಾನವಾಗಿ ಉಳಿಸಿದ್ದರು. ನಾವು ಅವರಿಗೆ ಕಾಪಾಡಲು ಹೇಳಿದ್ದು ನಮ್ಮ ಗುರುತನ್ನು. ಔಷಧಿಯನ್ನು ಕಾಪಾಡಿ ಎಂದು ಹೇಳಿದವರಿಲ್ಲ. ಅವರು ಹೇಳಿದ ಮಾತು ಮೀರಲಿಲ್ಲ. ಊರಿನ ಕೊನೆಯಲ್ಲಿ ಒಬ್ಬ ಒಂಟಿ ಮನುಷ್ಯನ ಮನೆಯಿತ್ತು. ಯಾವ ಹಬ್ಬಕ್ಕೂ ಮಣ್ಣು ಕಾಣದ ಅವನ ಗೋಡೆಯನ್ನು ಕಂಡು ಹೆಂಗಸರು ಮೂಗು ಮುರಿಯುತ್ತಿದ್ದರು. ಆ ಗೋಡೆಯಲ್ಲಿ ಬಸವಣ್ಯಪ್ಪ ಹೊಡೆದ ಪುಡಿ ಹಾಗೇ ಇತ್ತು, ಒಂದೇ ಸಮನಾಗಿ, ಹನಿ ಇಳಿಯದಂತೆ. ಆ ಮನುಷ್ಯನಿಗೆ ಜ್ವರ ಬಂದಿರಲಿಲ್ಲ.

ನಮ್ಮ ಸುತ್ತು ಪ್ರತಿ ವರ್ಷ ದೊಡ್ಡಹಬ್ಬಕ್ಕೆ ಮುಂಚೆ ಬೀಳುತ್ತಿತ್ತು. ಮನೆ ಖಾಲಿ ಮಾಡಿಸುತ್ತಿದ್ದವರು ನಾವೇ. ಸಾಮಾನು ಹೇಗೂ ಹೊರಗಿದೆಯೆಂದು ಅವರು ಹಬ್ಬದ ಕೆಲಸ ಮುಗಿಸಿಕೊಳ್ಳುತ್ತಿದ್ದರು. ಹೆಚ್ಚು ಸಹಕಾರ ಕೊಟ್ಟ ಊರಿಗೇ ಹೆಚ್ಚು ಜ್ವರ. ಇದನ್ನು ತಿಳಿಯಲು ಪ್ರಾಣಿಶಾಸ್ತ್ರ ಬೇಕಿರಲಿಲ್ಲ. ಜಗಲಿಯಿಂದ ಎದ್ದು ಯಾವುದಾದರೊಂದು ಮನೆಯ ಹಬ್ಬದ ತಯಾರಿ ನೋಡಿದ್ದರೆ ಸಾಕಿತ್ತು. ನಮ್ಮ ಪ್ರಶ್ನೆಯನ್ನು ಬರೆದವರು ಸುಣ್ಣದ ಗೋಡೆಯ ಊರಿನಲ್ಲಿ ಕೂತು ಬರೆದಿದ್ದರು. ಅದನ್ನು ಕೇಳಿದ ನಾವು ಗಂಡಸರನ್ನೇ ಹೆಚ್ಚಾಗಿ ಕೇಳಿದೆವು. ಮಣ್ಣು ಬಳಿಯುವ ಕೈಗಳು ಅಡಿಗೆಮನೆಯಲ್ಲಿದ್ದವು.

ಶಿರಾಳಕೊಪ್ಪಕ್ಕೆ ಹೋಗುವ ಮೊದಲ ಬಸ್ಸು ಹಿಡಿದೆ. ಬಸವಣ್ಯಪ್ಪ ವೀರಭದ್ರಪ್ಪನವರ ಅಂಗಡಿಯಲ್ಲಿ ಚೀಲ ಹೊರುತ್ತಿದ್ದ.

"ಬಸವಣ್ಯಪ್ಪ, ನಿನ್ನ ಕೆಲಸ ವಾಪಸು ಬರುತ್ತೆ" ಎಂದೆ. ಕಂಡದ್ದೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಬೆನ್ನಿನ ಚೀಲ ಇಳಿಸಿ ಅದರ ಮೇಲೆಯೇ ಕೂತ. ಕುಣಿಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಗುತ್ಯಮ್ಮಾರಿಗೆ ಹೇಳಿದ್ರಾ?"

"ಇಲ್ಲ."

"ಹೇಳ್ಬ್ಯಾಡ್ರಿ ಸಾರ್."

"ಯಾಕೆ?"

"ಬಳ್ಕಳ್ರಿ ಅಂತ ಹೇಳಿದೋನೇ ನಾನು. ತಮಾಷೆಗೆ ಅಂದೆ. 'ಸಾಮಾನೆಲ್ಲ ಹೊರಗೈತಿ, ಇನ್ನೊಂದ್ಸಲ ಯಾಕೆ ಹೊರ್ತೀರಿ, ಈಗ್ಲೇ ಕೆಮ್ಮಣ್ಣು ಬಳ್ಕಂಡು ಬಿಡ್ರಿ, ಸರ್ಕಾರದ ಖರ್ಚಿನಾಗೆ ಹಬ್ಬ ಆಗ್ಲಿ' ಅಂದೆ. ಎಲ್ಲಾ ಮನ್ಯಾಗೂ ಅಂದೀನಿ. ನಗ್ತಿದ್ರು. ಬಳಿ ಬ್ಯಾಡ್ರಿ ಅನ್ಬೇಕು ಅಂತ ನನಗೆ ಯಾರು ಹೇಳಿದ್ರು ಸಾರ್?"

ಯಾರೂ ಹೇಳಿರಲಿಲ್ಲ. ಪಂಪು ಒತ್ತುವುದು ಹೇಗೆಂದು ಅವನಿಗೆ ಕಲಿಸಿದ್ದೆವು. ಗೋಡೆಯ ಮೇಲಿನ ಆ ಬಿಳುಪು ಯಾಕಿರಬೇಕೆಂದು ವಿವರಿಸಿರಲಿಲ್ಲ.

ವೀರಭದ್ರಪ್ಪನವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಗದರಿದರು. "ಏ ದಡ್ಡ, ಸಾಹೇಬ್ರು ಬಂದು ಕೆಲಸ ಕೊಡ್ತೀನಿ ಅಂತಾರ, ನೀ ಹೇಳ್ಬ್ಯಾಡ್ರಿ ಅಂತೀ? ನಿನಗೇನು ನನ್ನ ಚೀಲದ ಮ್ಯಾಲೆ ಅಷ್ಟು ಪ್ರೀತಿ? ಸಾಹೇಬ್ರ, ಹೋದ ಸಂತ್ಯಾಗ ಆ ಗುತ್ಯಮ್ಮ ಬಂದು ಇವನಿಗೆ ಬೈದದ್ದು ನೀವು ಕೇಳ್ಬೇಕಿತ್ತು. ಸಂತೆಗೆ ಸಂತೆನೇ ನಿಂತು ಕೇಳ್ತು. ಇವ ತುಟಿ ಪಿಟಕ್ಕನಲಿಲ್ಲ."

"ಬೈಲಿ ಬಿಡ್ರಿ ಯಜಮಾನ್ರೇ" ಎಂದ ಬಸವಣ್ಯಪ್ಪ. ನನ್ನ ಕಡೆ ತಿರುಗಿದ. "ಬೈಯೋಕೆ ಒಬ್ಬ ಬೇಕಲ್ರಿ ಸಾರ್. ನಾನಿಲ್ದಿದ್ರೆ ಆ ಅಮ್ಮ ತನ್ನ ಕೈ ನೋಡ್ಕಂಡು ಕುಂದರ್ತಾರೆ."

ನಾನು ವರದಿ ಬರೆದೆ. ಯಾವ ಮನೆಯ ಹೆಸರನ್ನೂ ಹಾಕದೆ, ಕೆಮ್ಮಣ್ಣಿನ ಪದ್ಧತಿಯನ್ನೂ ಹಬ್ಬದ ಕಾಲವನ್ನೂ ನಮ್ಮ ಪ್ರಶ್ನೆಯ ಕೊರತೆಯನ್ನೂ ವಿವರಿಸಿ, ಬಸವಣ್ಯಪ್ಪನ ಮೇಲಿನ ಆದೇಶವನ್ನು ಹಿಂತೆಗೆದುಕೊಳ್ಳಬೇಕೆಂದು ಕೇಳಿದೆ. ಮೇಲಧಿಕಾರಿಗಳು ಈ ಸಲ ಗೀಟು ಎಳೆಯಲಿಲ್ಲ. ಪೂರ್ತಿ ಓದಿದರು. ಮೆಚ್ಚಿದರು ಕೂಡ.

"ಒಳ್ಳೆಯ ಅವಲೋಕನ. ಯಾವ ಯಾವ ಮನೆ? ಹೆಸರು ಕೊಡಿ. ಸರ್ಕಾರದ ಔಷಧಿಯನ್ನು ಹಾಳು ಮಾಡಿದವರ ಮೇಲೆ ಕ್ರಮ ತೆಗೆದುಕೊಳ್ಳೋಣ. ನಿಮ್ಮ ಪಂಪಿನವನೂ ಬಚಾವಾಗುತ್ತಾನೆ."

"ಅವರ ತಪ್ಪಲ್ಲ ಸಾರ್. ನಾವು ಕೇಳಿದ ಪ್ರಶ್ನೆಯದೇ ತಪ್ಪು."

"ಪ್ರಶ್ನೆ ಮೇಲಿನಿಂದ ಬಂದದ್ದು."

"ಸುತ್ತಿನ ಕಾಲ?"

"ಅದೂ ಮೇಲಿನಿಂದಲೇ."

"ಹಾಗಾದರೆ ಬಸವಣ್ಯಪ್ಪ ಕಳ್ಳನಾಗಿಯೇ ಉಳಿಯಬೇಕೇ?"

"ಹೆಸರು ಕೊಡಿ ಎಂದೆನಲ್ಲ" ಎಂದು ಅವರು ಸೌಮ್ಯವಾಗಿಯೇ ಹೇಳಿದರು.

ಯಾರಾದರೊಬ್ಬರು ತಪ್ಪಿತಸ್ಥರು ಬೇಕು, ಮತ್ತು ಆ ಒಬ್ಬರು ಕಚೇರಿಯ ಹೊಸಿಲಿನಿಂದ ಹೊರಗಿನವರಾಗಿರಬೇಕು. ಪಂಪಿನವನು ಬೇಡವಾದರೆ ಹೆಂಗಸರು. ಮನೆಗಳ ಹೆಸರು ಕೊಡಲೇ ಎಂದು ನಾನು ಬಸವಣ್ಯಪ್ಪನನ್ನು ಕೇಳಲೂ ಹೋದೆ, ಅಷ್ಟು ಹತಾಶನಾಗಿದ್ದೆ. ಅವನು ಚೀಲ ಹೊತ್ತುಕೊಂಡು, ತಿರುಗಿ ನೋಡದೆ, ಗೋದಾಮಿನೊಳಗೆ ನಡೆದುಬಿಟ್ಟ. ಆಮೇಲೆ ಕೆಲವೇ ದಿನಗಳಲ್ಲಿ ಜೀಪು ಮಗುಚಿತು. ನನ್ನ ವರದಿ ಯಾವ ಕಪಾಟಿನಲ್ಲಿದೆಯೋ ನನಗೆ ತಿಳಿಯದು.

ಹೊಸದಾಗಿ ಬರುವವರೇ, ಈ ಕೆಲಸ ನಿಮಗೆ ದಿನಕ್ಕೆ ಹತ್ತಾರು ಗೋಡೆ ತೋರಿಸುತ್ತದೆ. ನಿಮ್ಮ ಹಾಳೆಯಲ್ಲಿ ಅಚ್ಚಾದ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದಾಗ ಸಮಾಧಾನಪಡಬೇಡಿ. ಆ ಮನೆಯ ಹೆಂಗಸು ಆ ವಾರ ಏನು ಮಾಡಿದಳೆಂದು ಕೇಳಿ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಕೇಳಿ. ಗೋಡೆಯನ್ನು ಬೆರಳಿನಿಂದ ಉಜ್ಜಿ ನೋಡಿ. ಆ ಕೆಂಪು ಗೋಡೆಗಳನ್ನು ಮೊದಲ ಸಲ ಕಂಡ ದಿನವೇ ನಾವು ಇದನ್ನು ಮಾಡಿದ್ದರೆ, ಆ ಮನೆಯಲ್ಲಿ ಇವತ್ತು ಒಂದು ಮಗು ಗೋಡೆ ಹಿಡಿದು ನಡೆಯುತ್ತಿತ್ತು. ಈ ಮಾತನ್ನು ನಾನು ಯಾವ ವರದಿಯಲ್ಲೂ ಬರೆಯಲಾಗಲಿಲ್ಲ. ಅದಕ್ಕೂ ಕಾಲಂ ಇಲ್ಲ.

ಈ ಬರಹಕ್ಕೆ ಬಸವಣ್ಯಪ್ಪನ ಒಪ್ಪಿಗೆ ಪಡೆದಿದ್ದೇನೆ. ಊರಿನ ಹೆಸರು ಬರಕೂಡದು, ಆ ಮನೆಯವರ ಗುರುತು ಸಿಗಕೂಡದು ಎಂಬ ಷರತ್ತಿನ ಮೇಲೆ ಒಪ್ಪಿದ. ಅವನ ಹೆಸರನ್ನು ಮಾತ್ರ ಬದಲಿಸಿಲ್ಲ. ಕೆಟ್ಟ ಹೆಸರು ಬಂದದ್ದು ಅದಕ್ಕೆ, ತೊಳೆಯಬೇಕಾದದ್ದೂ ಅದನ್ನೇ.

ಆದ್ದರಿಂದ ಘಟಕದ ಮೇಲಧಿಕಾರಿಗಳಲ್ಲಿ ಈ ಮೂಲಕ ವಿನಂತಿಸಿಕೊಳ್ಳುತ್ತೇನೆ. ಈ ವರ್ಷದ ಸುತ್ತು ಮತ್ತೆ ದೊಡ್ಡಹಬ್ಬಕ್ಕೆ ಮುಂಚೆಯೇ ನಿಗದಿಯಾಗಿದೆಯೆಂದು ಕೇಳಿದ್ದೇನೆ. ಅದನ್ನು ಹಬ್ಬ ಕಳೆದ ನಂತರಕ್ಕೆ ಮುಂದೂಡಬೇಕು. ಸುಣ್ಣದ ಜೊತೆಗೆ ಕೆಮ್ಮಣ್ಣು, ಸಗಣಿ, ಜೇಡಿಮಣ್ಣಿನ ಬಗ್ಗೆಯೂ ಕೇಳಲು ಸಿಬ್ಬಂದಿಗೆ ಹೇಳಬೇಕು. ಬಿಳಿ ಪುಡಿ ಗೋಡೆಯ ಮೇಲೆ ಏಕೆ ಉಳಿಯಬೇಕೆಂಬುದನ್ನು ಕೊಳವೆ ಹಿಡಿಯುವವನಿಗೂ ಮನೆಯ ಹೆಂಗಸಿಗೂ ಅವರಿಗೆ ತಿಳಿಯುವ ಮಾತಿನಲ್ಲಿ ತಿಳಿಸಬೇಕು. ಬಸವಣ್ಯಪ್ಪನ ಮೇಲಿನ ಆದೇಶವನ್ನು ಯಾವ ಮನೆಯ ಹೆಸರನ್ನೂ ಕೇಳದೆ ಹಿಂತೆಗೆದುಕೊಂಡು, ಅವನನ್ನು ಕೆಲಸಕ್ಕೆ ಮರಳಿ ಕರೆಯಬೇಕು. ಇವುಗಳಲ್ಲಿ ಯಾವುದನ್ನು ಮಾಡುತ್ತೀರಿ, ಯಾವುದನ್ನು ಮಾಡುವುದಿಲ್ಲ, ಏಕೆ ಮಾಡುವುದಿಲ್ಲ ಎಂಬುದಕ್ಕೆ ಲಿಖಿತ ಉತ್ತರವನ್ನು ಬೇಡುತ್ತೇನೆ.

ಹೊಸ ಆದೇಶದ ಒಂದು ಪ್ರತಿ ಕನ್ನಡದಲ್ಲಿ ಬಸವಣ್ಯಪ್ಪನಿಗೆ ತಲುಪಲಿ. ಇನ್ನೊಂದು ವೀರಭದ್ರಪ್ಪನವರ ಅಂಗಡಿಯ ಗೋಡೆಗೆ, ಸಂತೆಯ ಜನ ಓದುವಂತೆ; ಕೆಮ್ಮಣ್ಣಿನ ಮಾತು ಮಾತ್ರ ಅದರಲ್ಲಿ ಬೇಡ. ಆ ಹಳ್ಳಿಗೆ ಮಾತ್ರ ಪ್ರತಿ ಕಳುಹಿಸಬೇಡಿ. ಅಲ್ಲಿ ಒಂದು ಮನೆಯಲ್ಲಿ ತನ್ನನ್ನು ಬೈಯುವುದು ನಿಲ್ಲಬಾರದೆಂದು ಅವನೇ ಕೇಳಿಕೊಂಡಿದ್ದಾನೆ.